ಕಬಿನಿ ತುಂಬಿದರೆ ಕೆಆರ್‌ಎಸ್‌ಗೂ ನೀರು ಬರುತ್ತದೆಯೇ?

ಮಳೆಗಾಲ ಶುರುವಾದರೆ ಸಾಕು, ಮೈಸೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕಬಿನಿ ಡ್ಯಾಂನ ಗೇಟ್ ತೆರೆದ ವಿಡಿಯೊ ಓಡಾಡುತ್ತದೆ. ಜೊತೆಗೆ, ಇನ್ನು ಕೆಆರ್‌ಎಸ್ ತುಂಬುವುದು ಗ್ಯಾರಂಟಿ ಎಂಬ ಮಾತು. ವಿಡಿಯೊ ನಿಜವೇ ಇರಬಹುದು, ಮಾತು ಮಾತ್ರ ತಪ್ಪು. ಕಬಿನಿ ಹೊಳೆಯ ನೀರು ಕೆಆರ್‌ಎಸ್‌ಗೆ ಹರಿಯುವುದೇ ಇಲ್ಲ.

ಕೆಆರ್‌ಎಸ್ ತುಂಬುವುದು ಕೊಡಗು ಮತ್ತು ಹಾಸನದ ಕಡೆಯಿಂದ ಬರುವ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳಿಂದ. ಕಬಿನಿಯ ದಾರಿಯೇ ಬೇರೆ. ಕೇರಳದ ವಯನಾಡಿನಲ್ಲಿ ಪನಮರಂ ಮತ್ತು ಮಾನಂದವಾಡಿ ಹೊಳೆಗಳು ಕೂಡಿ ಕಬಿನಿಯಾಗುತ್ತವೆ. ಕೇರಳದ 44 ನದಿಗಳಲ್ಲಿ ಪೂರ್ವಕ್ಕೆ ಹರಿಯುವವು ಮೂರೇ. ಅವುಗಳಲ್ಲಿ ಇದೂ ಒಂದು. ನಾಗರಹೊಳೆ, ಬಂಡೀಪುರ ಕಾಡುಗಳ ನಡುವೆ ಸಾಗಿ ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ ಅಣೆಕಟ್ಟೆಗೆ ಸೇರುತ್ತದೆ. ಬೇಸಿಗೆಯಲ್ಲಿ ನೂರಾರು ಆನೆಗಳು ಬಂದು ಸೇರುವುದು ಇದರ ಹಿನ್ನೀರಿಗೇ. ಮುಂದೆ ನುಗು ಹೊಳೆಯನ್ನು ಕೂಡಿಸಿಕೊಂಡು ನಂಜನಗೂಡಿಗೆ ಬರುತ್ತದೆ; ಅಲ್ಲಿನವರಿಗೆ ಇದು ಕಪಿಲೆ. ಕಾವೇರಿಯನ್ನು ಸೇರುವುದು ಟಿ. ನರಸೀಪುರದಲ್ಲಿ, ಅಂದರೆ ಕೆಆರ್‌ಎಸ್ ದಾಟಿ ಎಷ್ಟೋ ಕೆಳಗೆ. ಕೆಳಗೆ ಸೇರಿದ ನೀರು ಮೇಲಿನ ಡ್ಯಾಂಗೆ ಹತ್ತೀತೇ?

ಮೈಸೂರಲ್ಲಿ ಮಳೆಯೇ ಇಲ್ಲ, ಕಬಿನಿ ಹೇಗೆ ತುಂಬಿತು ಎಂದು ಕೇಳುವವರಿದ್ದಾರೆ. ಉತ್ತರ ವಯನಾಡಿನ ಮಳೆಯಲ್ಲಿದೆ. ಅಲ್ಲಿನ ಬಾಣಾಸುರ ಸಾಗರದಿಂದ ಹೊರಬಿಟ್ಟ ನೀರೂ ಕಬಿನಿಗೇ ಬರುತ್ತದೆ. ಹಾಗೆಂದು ವಯನಾಡಿನ ಎಲ್ಲ ನೀರೂ ನಮ್ಮ ಕಡೆಗೆ ಬರುವುದಿಲ್ಲ. 2024ರ ಜುಲೈ 30ರಂದು ಗುಡ್ಡ ಕುಸಿದ ಮುಂಡಕ್ಕೈ, ಚೂರಲ್‌ಮಲ ಇರುವುದು ಚಾಲಿಯಾರ್ ನದಿಯ ಕಡೆಗೆ. ಆ ಕೆಸರು, ಬಂಡೆ, ನೀರು ಪಶ್ಚಿಮಕ್ಕಿಳಿದು ನಿಲಂಬೂರಿನತ್ತ ಹೋದವು.

ಇನ್ನೊಂದು ಗೊಂದಲ ಅಡಿಗಳ ಲೆಕ್ಕದ್ದು. ಕಬಿನಿಯ ಗರಿಷ್ಠ ಮಟ್ಟ 2,284 ಅಡಿ, ಕೆಆರ್‌ಎಸ್‌ನದು 124.80 ಅಡಿ. ಹಾಗಾದರೆ ಕಬಿನಿ ಅಷ್ಟು ಆಳವೇ? ಅಲ್ಲ. ಕಬಿನಿಯ ಲೆಕ್ಕ ಸಮುದ್ರಮಟ್ಟದಿಂದ, ಕೆಆರ್‌ಎಸ್‌ನ ಲೆಕ್ಕ ನದಿಯ ತಳದಿಂದ. ಹೋಲಿಸುವುದಾದರೆ ಟಿಎಂಸಿ ನೋಡಿ: ಕಬಿನಿಯ ಸಾಮರ್ಥ್ಯ 19.52, ಕೆಆರ್‌ಎಸ್‌ನದು 49.45.

ಚಿಕ್ಕದಾದರೂ ಕಬಿನಿಯ ಕೆಲಸ ದೊಡ್ಡದು. ನಂಜನಗೂಡು ತಾಲ್ಲೂಕಿನ ಬಿದರಗೂಡಿನಿಂದ ಮೈಸೂರಿನ ಒಂದಷ್ಟು ಬಡಾವಣೆಗಳಿಗೆ ಕುಡಿಯುವ ನೀರು ಬರುವುದು ಇದೇ ಹೊಳೆಯದು. ಬೆಂಗಳೂರಿಗೆ ಕಾವೇರಿ ನೀರೆತ್ತುವುದು ಟಿ. ನರಸೀಪುರದ ಸಂಗಮಕ್ಕಿಂತ ಕೆಳಗೆ, ಹಾಗಾಗಿ ಅಲ್ಲಿನ ನಲ್ಲಿಯಲ್ಲೂ ಕಬಿನಿಯ ಪಾಲಿದೆ. 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ತಮಿಳುನಾಡಿಗೆ ಬಿಡಬೇಕಾದ 177.25 ಟಿಎಂಸಿಯನ್ನು ಅಳೆಯುವ ಬಿಳಿಗುಂಡ್ಲು ಇನ್ನೂ ಕೆಳಗಿದೆ. ಕಬಿನಿ ಬೇಗ ತುಂಬಿ ಹರಿದ ವರ್ಷ ಕೆಆರ್‌ಎಸ್ ಮೇಲಿನ ಒತ್ತಡ ಅಷ್ಟು ಕಡಿಮೆ. ಫಾರ್ವರ್ಡ್‌ನಲ್ಲಿ ನಿಜದ ಅಂಶವೇನಾದರೂ ಇದ್ದರೆ ಇಷ್ಟೇ.

ಅಂದಹಾಗೆ, ಕಬಿನಿಯ ಹೊರಹರಿವಿನ ಸುದ್ದಿ ಮೊದಲು ತಲುಪಬೇಕಾದ್ದು ನಂಜನಗೂಡಿನ ಕಡೆಯವರಿಗೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಮಲ್ಲನಮೂಲೆ ಮಠದ ಬಳಿ ಹೊಳೆ ರಸ್ತೆಗೇ ನುಗ್ಗಿ, ಮೈಸೂರು–ನಂಜನಗೂಡು ಹೆದ್ದಾರಿಯಲ್ಲಿ ಓಡಾಟ ನಿಂತಿತ್ತು.