ಗಿಡಗಳ ಗಾಳಿಮಾತು

ಆಧಾರವಿಲ್ಲದ ಸುದ್ದಿಯನ್ನು ಕನ್ನಡದಲ್ಲಿ ಗಾಳಿಮಾತು ಎನ್ನುತ್ತೇವೆ. ಹುಳು ಮುತ್ತಿದ ಮರವು ಪಕ್ಕದ ಮರಕ್ಕೆ ಗಾಳಿಯ ಮೂಲಕ ಅಪಾಯದ ಸೂಚನೆ ನೀಡುತ್ತದೆಂಬ ವಾದವನ್ನೂ ವಿಜ್ಞಾನಿಗಳಲ್ಲಿ ಅನೇಕರು ಕೆಲವು ಕಾಲ ಈ ಅರ್ಥದಲ್ಲಿಯೇ ಗಾಳಿಮಾತೆಂದು ತಳ್ಳಿಹಾಕಿದ್ದರು.

ಈ ವಾದವನ್ನು ಮುಂದಿಟ್ಟವರು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಡೇವಿಡ್ ರೋಡ್ಸ್. ಕಂಬಳಿಹುಳುಗಳ ದಾಳಿಗೊಳಗಾದ ವಿಲೋ ಮರದ ಎಲೆಗಳನ್ನು ಬೇರೆ ಹುಳುಗಳಿಗೆ ತಿನ್ನಿಸಿದಾಗ ಅವು ಸರಿಯಾಗಿ ಬೆಳೆಯಲಿಲ್ಲ. ಅಚ್ಚರಿಯೆಂದರೆ, ಹುಳು ಮುಟ್ಟದ ನೆರೆಮರಗಳ ಎಲೆಗಳೂ ಅದೇ ಪರಿಣಾಮ ಬೀರಿದವು. ಬೇರುಗಳ ನಡುವೆ ಸಂಪರ್ಕದ ಕುರುಹು ಕಾಣದಿದ್ದುದರಿಂದ, ಗಾಳಿಯಲ್ಲಿ ಹರಡುವ ಯಾವುದೋ ರಾಸಾಯನಿಕವೇ ಕಾರಣವಿರಬಹುದೆಂದು 1983ರಲ್ಲಿ ಅವರು ಬರೆದರು. ಅದೇ ವರ್ಷ ಡಾರ್ಟ್‌ಮತ್ ಕಾಲೇಜಿನ ಇಯಾನ್ ಬಾಲ್ಡ್‌ವಿನ್ ಮತ್ತು ಜ್ಯಾಕ್ ಶುಲ್ಟ್ಸ್, ಪಾಪ್ಲರ್ ಹಾಗೂ ಮೇಪಲ್ ಸಸಿಗಳ ಎಲೆಗಳನ್ನು ಹರಿದು, ಅದೇ ಗಾಳಿಯನ್ನು ಹಂಚಿಕೊಂಡ ಇತರ ಸಸಿಗಳಲ್ಲಿಯೂ ಫೀನಾಲ್ ಸಂಯುಕ್ತಗಳು ಹೆಚ್ಚಿದ್ದನ್ನು ವರದಿ ಮಾಡಿದರು.

ಪತ್ರಿಕೆಗಳು ‘ಮಾತನಾಡುವ ಮರಗಳು’ ಎಂದು ಸಂಭ್ರಮಿಸಿದವು. ಈ ಸಂಭ್ರಮವೇ ಮುಳುವಾಯಿತೆಂದು ನನ್ನ ಎಣಿಕೆ. 1985ರಲ್ಲಿ ಸೈಮನ್ ಫೌಲರ್ ಮತ್ತು ಜಾನ್ ಲಾಟನ್ ಕಟು ವಿಮರ್ಶೆ ಪ್ರಕಟಿಸಿದರು: ರೋಡ್ಸ್ ಅವರ ಹುಳುಗಳು ಸೋಂಕಿನಿಂದ ಸೊರಗಿರಬಹುದು, ಡಾರ್ಟ್‌ಮತ್ ಪ್ರಯೋಗವನ್ನು ಸಾಕಷ್ಟು ಸಲ ಪುನರಾವರ್ತಿಸಿಲ್ಲ. ಆಕ್ಷೇಪಗಳು ನ್ಯಾಯವಾದವೇ. ಆದರೆ ಪುರಾವೆ ಸಾಲದೆಂಬ ಮಾತನ್ನು, ಸಂಗತಿಯೇ ಸುಳ್ಳೆಂದು ಓದಿಕೊಂಡವರು ಹಲವರು. ಧನಸಹಾಯ ದೊರೆಯದೆ ರೋಡ್ಸ್ ಸಂಶೋಧನೆಯನ್ನೇ ತೊರೆದರು.

ಉತ್ತರ ಬಂದದ್ದು ಅದೇ ರಾಜ್ಯದ ಇನ್ನೊಂದು ತುದಿಯಿಂದ. 1990ರಲ್ಲಿ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾನಿಲಯದ ಎಡ್ವರ್ಡ್ ಫಾರ್ಮರ್ ಮತ್ತು ಕ್ಲಾರೆನ್ಸ್ ರಯಾನ್, ನಮ್ಮ ದವನದ ಕುಲಕ್ಕೇ ಸೇರಿದ ಸೇಜ್‌ಬ್ರಷ್ ರೆಂಬೆಗಳನ್ನು ಟೊಮೆಟೊ ಸಸಿಗಳೊಡನೆ ಮುಚ್ಚಿಟ್ಟರು. ಟೊಮೆಟೊ ಎಲೆಗಳಲ್ಲಿ ಕೀಟಗಳ ಜೀರ್ಣಶಕ್ತಿಯನ್ನು ಕೆಡಿಸುವ ಪ್ರೋಟೀನುಗಳು ಉತ್ಪತ್ತಿಯಾದವು. ಸೂಚನೆ ಹೊತ್ತು ತಂದದ್ದು ಮೀಥೈಲ್ ಜಾಸ್ಮೊನೇಟ್ ಎಂಬ ಸುಗಂಧದ್ರವ್ಯ. 1962ರಲ್ಲಿ ಅದನ್ನು ಮೊದಲು ಬೇರ್ಪಡಿಸಿದ್ದು ಜಾಜಿಯ ತೈಲದಿಂದ. ನಮ್ಮ ಹೆಂಗಳೆಯರು ಮುಡಿಯುವ ಪರಿಮಳದ ಒಂದಂಶ ಸಸ್ಯಲೋಕದಲ್ಲಿ ಆಪತ್ತಿನ ಕರೆ!

ಇದಾದರೂ ಮುಚ್ಚಿದ ಪಾತ್ರೆಯೊಳಗಿನ ಮಾತು. ತೆರೆದ ಬಯಲಿನಲ್ಲಿ ಇದನ್ನು ಪರೀಕ್ಷಿಸಿದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಸ್ ಶಾಖೆಯ ರಿಚರ್ಡ್ ಕಾರ್ಬನ್. ಕತ್ತರಿಸಿದ ಸೇಜ್‌ಬ್ರಷ್‌ನ ಪಕ್ಕದಲ್ಲಿದ್ದ ಕಾಡುಹೊಗೆಸೊಪ್ಪಿನ ಗಿಡಗಳಿಗೆ ಕೀಟಗಳಿಂದಾಗುವ ಹಾನಿ ಕಡಿಮೆಯೆಂದು 2000ದಲ್ಲಿ ಅವರ ತಂಡ ಪ್ರಕಟಿಸಿತು. ಸೇಜ್‌ಬ್ರಷ್ ಗಿಡಗಳ ನಡುವೆ ಈ ಸೂಚನೆ ಸುಮಾರು 60 ಸೆಂ.ಮೀ. ದೂರದವರೆಗೆ ಮುಟ್ಟುತ್ತದೆಂದು 2006ರಲ್ಲಿ ತಿಳಿಸಿತು. ಇಲ್ಲೊಂದು ಸ್ವಾರಸ್ಯವಿದೆ. ಸೇಜ್‌ಬ್ರಷ್‌ನ ಕೊಂಬೆಕೊಂಬೆಗಳ ನಡುವೆ ರಸನಾಳಗಳ ಸಂಪರ್ಕ ತೀರ ಕಡಿಮೆ. ಆದ್ದರಿಂದ ತನ್ನದೇ ಮತ್ತೊಂದು ಕೊಂಬೆಗೆ ಸುದ್ದಿ ಮುಟ್ಟಿಸಲು ಅದಕ್ಕೆ ಗಾಳಿಯೇ ಗತಿ. ಪಕ್ಕದ ಗಿಡ ಬಹುಶಃ ಅದನ್ನು ಕದ್ದು ಕೇಳುತ್ತಿದೆ.