ವೈಟ್‌ಫೀಲ್ಡ್: ಹೆಸರಿಗಿಂತ ಹಳೆಯ ಊರು

ಬೆಂಗಳೂರಿನ ಪೂರ್ವ ದಿಕ್ಕಿನಲ್ಲಿರುವ ವೈಟ್‌ಫೀಲ್ಡ್‌ಗೆ ಆ ಹೆಸರು ಹೇಗೆ ಬಂತು? ‘ಅಲ್ಲಿ ಬಿಳಿಯರು ಇದ್ದರಲ್ಲ, ಅದಕ್ಕೇ’ ಎನ್ನುವವರೇ ಹೆಚ್ಚು. ಈ ಕಾರ್ಯಕ್ರಮದ ಚಿತ್ರೀಕರಣಕ್ಕೆ ಹೊರಡುವವರೆಗೆ ನಾನೂ ಹಾಗೆಯೇ ನಂಬಿದ್ದೆ. ವಿಜ್ಞಾನ ಓದಿದವನಿಗೆ ಇತಿಹಾಸದಲ್ಲಿ ಊಹೆಯೇ ಗತಿ ಎಂದು ನೀವು ನಕ್ಕರೂ ಸರಿಯೇ. ವಾಸ್ತವವಾಗಿ ಅದು ಬಣ್ಣದ ಹೆಸರಲ್ಲ, ಒಬ್ಬ ವ್ಯಕ್ತಿಯ ಹೆಸರು. ಆತ ಡಿ. ಎಸ್. ವೈಟ್, ಮದರಾಸಿನ ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘದ ಮುಖಂಡ.

ಯುರೇಷಿಯನ್ನರು ಎಂದರೆ ಯುರೋಪಿಯನ್ ಹಾಗೂ ಭಾರತೀಯ ರಕ್ತಸಂಬಂಧದಿಂದ ಬೆಳೆದ ಸಮುದಾಯ. ಅವರ ಸ್ಥಿತಿ ವಿಚಿತ್ರವಾಗಿತ್ತು. ಮೇಲಿನ ಹುದ್ದೆಗಳು ಇಂಗ್ಲೆಂಡಿನಿಂದ ಬಂದವರ ಪಾಲಾಗುತ್ತಿದ್ದವು. ಕೆಳಗಿನ ಗುಮಾಸ್ತಿಕೆಗೆ ಇಂಗ್ಲಿಷ್ ಕಲಿತ ಭಾರತೀಯರು ಪೈಪೋಟಿಗೆ ನಿಂತಿದ್ದರು. ಸರ್ಕಾರಿ ನೌಕರಿಯನ್ನೇ ನೆಚ್ಚಿಕೊಳ್ಳದೆ ಸ್ವಂತ ನೆಲದಲ್ಲಿ ದುಡಿದು ಬದುಕಬೇಕು ಎಂಬುದು ವೈಟ್ ಅವರ ಯೋಚನೆ. 1881ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಒಡೆಯರಿಗೆ ಹಿಂದಿರುಗಿಸಿದ್ದರು. ಮರುವರ್ಷವೇ, ಅಂದರೆ 1882ರಲ್ಲಿ, ಹತ್ತನೆಯ ಚಾಮರಾಜೇಂದ್ರ ಒಡೆಯರು ಮೈಸೂರು ಮತ್ತು ಕೊಡಗಿನ ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿ ನೀಡಿದರು. ಅದರಲ್ಲಿ ವೈಟ್‌ಫೀಲ್ಡ್ ಮತ್ತು ಸಾಸ್ಮಂಡ್ ಎಂಬ ಎರಡು ವಸಾಹತುಗಳು ತಲೆಯೆತ್ತಿದವು. ಸಮೀಪದಲ್ಲೇ 1864ರಲ್ಲಿ ಆರಂಭವಾದ ಬೆಂಗಳೂರು–ಜೋಲಾರಪೇಟೆ ರೈಲು ಮಾರ್ಗವಿತ್ತು. ನಡುವೆ ಹಸಿರು ಬಯಲು, ಅದರ ಸುತ್ತ ದುಂಡಗೆ ರಸ್ತೆ, ರಸ್ತೆಯಂಚಿಗೆ ಮನೆಗಳು. ‘ಇನ್ನರ್ ಸರ್ಕಲ್’ ಎಂಬ ಹೆಸರು ಇಂದಿಗೂ ಉಳಿದಿದೆ.

ಆದರೆ ಬೇಸಾಯ ನಕ್ಷೆ ಬರೆದಷ್ಟು ಸುಲಭವೇ? ಮಳೆಯನ್ನೇ ನಂಬಿದ ಕೆಂಪು ಮಣ್ಣಿನ ನೆಲ. ಬಂದವರಲ್ಲಿ ನೇಗಿಲು ಹಿಡಿದು ಬೆಳೆದವರು ವಿರಳ. ಕಾಲಕ್ರಮೇಣ ಇದು ಕೃಷಿಕರ ಊರಾಗುವ ಬದಲು ನಿವೃತ್ತರ ಊರಾಯಿತು. ಮಕ್ಕಳು ರೈಲ್ವೆಗೆ, ತಂತಿ ಇಲಾಖೆಗೆ, ಕೋಲಾರದ ಚಿನ್ನದ ಗಣಿಗೆ ಹೋದರು. 1947ರ ನಂತರ ಅನೇಕ ಕುಟುಂಬಗಳು ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾಗಳಿಗೆ ವಲಸೆ ಹೋದವು. ಇಲ್ಲಿನ ವೇವರ್ಲಿ ಇನ್ ಎಂಬ ಹಳೆಯ ಹೋಟೆಲಿಗೆ ಚರ್ಚಿಲ್ ಬರುತ್ತಿದ್ದ, ಒಡೆಯನ ಮಗಳನ್ನು ಮೆಚ್ಚಿದ್ದ ಎಂಬ ಕಥೆಯನ್ನು ನೀವೂ ಕೇಳಿರಬಹುದು. ಸೈನ್ಯಾಧಿಕಾರಿಯಾಗಿ 1896ರಿಂದ ಆತ ಬೆಂಗಳೂರಿನಲ್ಲಿದ್ದದ್ದು ನಿಜ. ಮಿಕ್ಕದ್ದು ದಂತಕಥೆ. ಅದನ್ನು ಕಾರ್ಯಕ್ರಮದಲ್ಲಿ ಸೇರಿಸಬೇಕೆಂದು ನಮ್ಮ ತಂಡದಲ್ಲಿ ಕೆಲವರು ಒತ್ತಾಯಿಸಿದರು. ನಾನು ಕತ್ತರಿ ಹಾಕಿದೆ.

ನಾವು ಬಂಗಲೆಯೊಂದರ ಹೆಂಚಿನ ಮಾಡನ್ನು ಚಿತ್ರೀಕರಿಸುತ್ತಿದ್ದಾಗ ಹಿರಿಯ ರೈತರೊಬ್ಬರು ನಿಂತು ನೋಡುತ್ತಿದ್ದರು. ಕೊನೆಗೆ, ‘ಸಾರ್, ಅದೆಲ್ಲ ನೆನ್ನೆ ಮೊನ್ನೇದು. ನಮ್ಮ ಕೆರೆ ಕಡೆ ಸ್ವಲ್ಪ ತಿರುಗ್ಸಿ ನಿಮ್ಮ ಕ್ಯಾಮೆರಾನ’ ಎಂದರು. ಅವರ ಮಾತಿಗೆ ಕಲ್ಲಿನ ಸಾಕ್ಷಿಯಿದೆ. ಇಲ್ಲಿನ ಕಾಡುಗೋಡಿ–ಪಟ್ಟಂದೂರು ಪ್ರದೇಶದ ತಮಿಳು ಶಾಸನವೊಂದರ ಕಾಲ ಕ್ರಿ.ಶ. 1043, ಚೋಳರ ಆಳ್ವಿಕೆ. ಪೆರ್ಮಾಡಿ ಗಾವುಂಡನ ಮಗ ರಾಜರಾಜ ವೇಲನ್ ಪಟ್ಟಂದೂರು ಕೆರೆಯನ್ನು ಕಟ್ಟಿಸಿ, ತೂಬುಗಳನ್ನು ಇಡಿಸಿ, ಗಣಪತಿ, ದುರ್ಗೆ ಮತ್ತು ಕ್ಷೇತ್ರಪಾಲರನ್ನು ಪ್ರತಿಷ್ಠಾಪಿಸಿದನೆಂದು ಅದು ತಿಳಿಸುತ್ತದೆ. ಗಮನಿಸಿ: ಭಾಷೆ ತಮಿಳು, ತಂದೆಯ ಹೆಸರಿನಲ್ಲಿ ನಮ್ಮ ‘ಗಾವುಂಡ’, ಮಗನ ಹೆಸರಿನಲ್ಲಿ ಚೋಳ ದೊರೆ ರಾಜರಾಜ. ಅಂದರೆ ಇಲ್ಲಿ ಭಾಷೆಗಳು ಬೆರೆತು ಸುಮಾರು ಸಾವಿರ ವರ್ಷವಾಯಿತು.

ಕೆರೆಯ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆ. ವರ್ಷವಿಡೀ ಹರಿಯುವ ದೊಡ್ಡ ನದಿ ಇಲ್ಲಿಲ್ಲ. ಬಿದ್ದ ಮಳೆ ಇಳಿಜಾರು ಹಿಡಿದು ಓಡಿಹೋಗುತ್ತದೆ. ಆದ್ದರಿಂದ ಹಿಂದಿನವರು ತಗ್ಗಿಗೆ ಅಡ್ಡಲಾಗಿ ಏರಿ ಹಾಕಿ ನೀರು ನಿಲ್ಲಿಸಿದರು. ಒಂದು ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕಾಲುವೆಯಲ್ಲಿ ಮುಂದಿನ ಕೆರೆಗೆ. ತೂಬು ತೆಗೆದು ಯಾವ ಗದ್ದೆಗೆ ಎಷ್ಟು ನೀರು ಎಂದು ನೋಡಿಕೊಳ್ಳುವವನು ನೀರಗಂಟಿ. ಕೆರೆಯ ಹಿಂದೆ ಭತ್ತ, ದಿಣ್ಣೆಯ ಮೇಲೆ ರಾಗಿ, ಅವರೆ. ನಲ್ಲೂರಹಳ್ಳಿ, ಹಗದೂರು, ಹೂಡಿ, ವರ್ತೂರು ಮೊದಲಾದ ಹಳ್ಳಿಗಳು ಬದುಕಿದ್ದು ಹೀಗೆ. ವೈಟ್‌ಫೀಲ್ಡಿನ ಚರಿತ್ರೆ ಎಂದು ಸಾಮಾನ್ಯವಾಗಿ ಬರೆಯುವ ಲೇಖನಗಳು 1882ರಿಂದ ಶುರುವಾಗುತ್ತವೆ. 3,900 ಎಕರೆ ಎಂಬ ಲೆಕ್ಕ ತಪ್ಪದೆ ಬರುತ್ತದೆ, ಆ ಎಕರೆಗಳ ಸುತ್ತ ದನ ಮೇಯಿಸುತ್ತಿದ್ದ ಹಳ್ಳಿಗರು ಬರುವುದಿಲ್ಲ. ಇದು ನನಗೆ ಸರಿ ಎನಿಸದು.

ಮುಂದಿನ ಬದಲಾವಣೆಗಳು ಬೇಗ ಬೇಗ ಆದವು. 1960ರ ದಶಕದಿಂದ ಕಾಡುಗೋಡಿಯ ಸತ್ಯಸಾಯಿ ಬಾಬಾ ಆಶ್ರಮಕ್ಕೆ ದೇಶವಿದೇಶಗಳ ಭಕ್ತರು ಬರತೊಡಗಿದರು. 2001ರಲ್ಲಿ ಉಚಿತ ಚಿಕಿತ್ಸೆಯ ದೊಡ್ಡ ಆಸ್ಪತ್ರೆ ತೆರೆಯಿತು. ರಫ್ತು ಉತ್ತೇಜನಾ ಕೈಗಾರಿಕಾ ಪ್ರದೇಶ ಬಂತು. 1994ರಲ್ಲಿ ಕರ್ನಾಟಕ ಸರ್ಕಾರ, ಟಾಟಾ ಸಂಸ್ಥೆ ಮತ್ತು ಸಿಂಗಪುರದ ಕಂಪನಿಗಳ ಜಂಟಿ ಉದ್ಯಮವಾಗಿ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್ ರೂಪುಗೊಂಡಿತು. ಅದರ ಹಿಂದೆಯೇ ಆಂಧ್ರ, ಕೇರಳ, ಬಂಗಾಳ, ಉತ್ತರ ಪ್ರದೇಶಗಳಿಂದ ಎಂಜಿನಿಯರುಗಳು ಬಂದರು. ಅವರ ಕಟ್ಟಡಗಳನ್ನು ಕಟ್ಟಲು ರಾಯಚೂರು, ಕಲಬುರಗಿ, ಬಿಹಾರಗಳಿಂದ ಕೂಲಿಕಾರರು ಬಂದರು. ಮೊದಲಿನವರಿಗೆ ಅಪಾರ್ಟ್‌ಮೆಂಟು, ಎರಡನೆಯವರಿಗೆ ತಗಡಿನ ಶೆಡ್ಡು. ಹೊಲ ಮಾರಿದ ಹಳ್ಳಿಗರಲ್ಲಿ ಕೆಲವರು ಬಾಡಿಗೆ ಮನೆಗಳ ಮಾಲೀಕರಾದರು, ಕೆಲವರು ಅದೇ ನೆಲದ ಗೇಟಿಗೆ ಕಾವಲುಗಾರರಾದರು. 2007ರಲ್ಲಿ ಈ ಪ್ರದೇಶ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು.

ಮನೆಗಳು ಏರಿದ ವೇಗದಲ್ಲಿ ನೀರು ಬರಲಿಲ್ಲ. ಕಾಲುವೆಗಳಲ್ಲಿ ಮಳೆನೀರಿನ ಬದಲು ಕೊಳಚೆ ಹರಿಯಿತು. 2015ರಲ್ಲಿ ವರ್ತೂರು ಕೆರೆಯ ನೊರೆ ಉಕ್ಕಿ ರಸ್ತೆಗೆ ಹಾರಿದ ದೃಶ್ಯವನ್ನು ನೀವು ನೋಡಿರುತ್ತೀರಿ. ಸಾಬೂನು, ಮಾರ್ಜಕ ಬೆರೆತ ಶುದ್ಧೀಕರಿಸದ ನೀರು ಕೋಡಿಯಿಂದ ಧುಮುಕುವಾಗ ಗಾಳಿ ಸೇರಿ ಹಾಗಾಗುತ್ತದೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಬಹುಮಹಡಿ ಮನೆಗಳವರೂ ಟ್ಯಾಂಕರಿಗೆ ಕಾದು ಕುಳಿತರು. ಆ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೆಯ ಹಂತದ ಯೋಜನೆ ಉದ್ಘಾಟನೆಯಾಯಿತು. ನಗರದ ಅಂಚಿನ 110 ಹಳ್ಳಿಗಳಿಗಾಗಿ ದಿನಕ್ಕೆ 775 ದಶಲಕ್ಷ ಲೀಟರ್ ನೀರನ್ನು ಸುಮಾರು ನೂರು ಕಿಲೋಮೀಟರ್ ದೂರದಿಂದ ಮೇಲಕ್ಕೆ ಪಂಪ್ ಮಾಡಿ ತರುವ ಯೋಜನೆ ಅದು. ರಾಜರಾಜ ವೇಲನ್ ತನ್ನ ಕಾಲದಲ್ಲಿ ನೀರನ್ನು ಇದ್ದಲ್ಲೇ ನಿಲ್ಲಿಸಿದ್ದ.

2023ರ ಮಾರ್ಚ್ 25ರಂದು ಇಲ್ಲಿಗೆ ಮೆಟ್ರೋ ರೈಲು ಬಂತು. ಒಮ್ಮೆ ಆ ರೈಲಿನಲ್ಲಿ ಪೂರ್ವಕ್ಕೆ ಪ್ರಯಾಣ ಮಾಡಿ, ಕೊನೆಯ ನಿಲ್ದಾಣಗಳ ಫಲಕಗಳನ್ನು ಓದಿಕೊಳ್ಳಿ: ನಲ್ಲೂರಹಳ್ಳಿ, ಶ್ರೀ ಸತ್ಯಸಾಯಿ ಆಸ್ಪತ್ರೆ, ಪಟ್ಟಂದೂರು ಅಗ್ರಹಾರ, ಕಾಡುಗೋಡಿ ಟ್ರೀ ಪಾರ್ಕ್, ಹೋಪ್‌ಫಾರ್ಮ್ ಚನ್ನಸಂದ್ರ. ಕೊನೆಯದರಲ್ಲಿ ‘ವೈಟ್‌ಫೀಲ್ಡ್’ ಎಂದು ಬರೆದು, ಪಕ್ಕದಲ್ಲಿ ಆವರಣದೊಳಗೆ ‘ಕಾಡುಗೋಡಿ’ ಎಂದು ಸೇರಿಸಿದ್ದಾರೆ.