ಹೆಸರಿಡುವ ಹೊಣೆ



ಮನುಷ್ಯನು ಈ ಲೋಕಕ್ಕೆ ಬರುವಾಗ ಮೈಮೇಲೆ ಅರಿವೆಯಿಲ್ಲ, ಕೈಯಲ್ಲಿ ಕಾಸಿಲ್ಲ. ಅವನಿಗೆ ದೊರೆಯುವ ಮೊದಲನೆಯ ಆಸ್ತಿ ಹೆಸರು. ಹೊಲಮನೆಗಳನ್ನು ಮುಂದೆ ಮಾರಬಹುದು, ಕೊಳ್ಳಬಹುದು. ಹೆಸರನ್ನು ಕೊನೆಯತನಕ ಹೊತ್ತು ನಡೆಯಬೇಕು. ಈ ಆಸ್ತಿಯನ್ನು ಕೊಡುವವರು ತಾಯಿತಂದೆಗಳು. ಪಡೆಯುವ ಕೂಸಿನ ಒಪ್ಪಿಗೆಯನ್ನು ಕೇಳುವಂತಿಲ್ಲ. ಆದ್ದರಿಂದ ಹೆಸರಿಡುವುದು ಸಂಭ್ರಮವೂ ಹೌದು, ಹೊಣೆಯೂ ಹೌದು.

ತೊಟ್ಟಿಲ ಕಾರ್ಯಕ್ಕೆ ಮುನ್ನ ಮಠಕ್ಕೆ ಬರುವ ಎಳೆಯ ದಂಪತಿಗಳು ಈಗ ಎರಡು ಮಾತು ಕೇಳುತ್ತಾರೆ. “ಬುದ್ಧೀ, ಊರಿನಲ್ಲಿ ಯಾರಿಗೂ ಇಲ್ಲದ ಹೆಸರು ಬೇಕು” ಎಂಬುದು ಒಂದು. “ಅದನ್ನು ಇಂಗ್ಲಿಷಿನಲ್ಲಿ ಯಾವ ಅಕ್ಷರ ಹಾಕಿ ಬರೆದರೆ ಏಳಿಗೆ?” ಎಂಬುದು ಇನ್ನೊಂದು. ಈ ಎರಡು ಪ್ರಶ್ನೆಗಳಿಗೂ ನಮ್ಮ ನಾಡಿನ ಚರಿತ್ರೆಯಲ್ಲಿಯೇ ಉತ್ತರವಿದೆ.

ಉಡುಪಿಯ ಕಡಿಯಾಳಿಯನ್ನು ನೋಡಿರಿ. ಮಹಿಷಮರ್ದಿನಿಯ ಗುಡಿಯಿಂದ ಹೆಸರಾದ ಊರು. ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ದಾರಿಯಲ್ಲಿದೆ. ಅದರ ಎರಡು ಬದಿಯ ಊರುಗಳ ಹೆಸರೂ ಬರವಣಿಗೆಯ ಕೈಗೆ ಸಿಕ್ಕು ರೂಪ ಬದಲಿಸಿದವುಗಳೇ. ತುಳುವರ ಬಾಯಲ್ಲಿ ಅದು ಒಡಿಪು. ಸಂಸ್ಕೃತ ಬಲ್ಲವರು ಉಡುಪನೆಂದರೆ ಚಂದ್ರನೆಂದು ಅರ್ಥ ಹೇಳಿ, ಅಲ್ಲಿಯ ಚಂದ್ರಮೌಳೇಶ್ವರನನ್ನು ತೋರಿಸಿದರು. ಬ್ರಿಟಿಷರ ಕಾಲದ ಕಾಗದಗಳಲ್ಲಿ ಅದು ಉಡಿಪಿಯಾಯಿತು. ಹೋಟೆಲುಗಳ ಹಲಗೆಯನ್ನೇರಿ ಅದೇ ರೂಪ ಭಾರತವನ್ನೆಲ್ಲ ಸುತ್ತಿತು. ಇನ್ನು ಮಣಿಪಾಲ. ತುಳುವಿನ ಮಣ್ಣು, ಪಳ್ಳ ಎಂಬ ಎರಡು ಮಾತು ಕೂಡಿದ ಹೆಸರು, ಪಳ್ಳವೆಂದರೆ ಕೆರೆ. ಮಣ್ಣಪಳ್ಳವೆಂಬ ಆ ಕೆರೆ ಇಂದಿಗೂ ಅಲ್ಲಿದೆ. ಇಂಗ್ಲಿಷಿನ ಬರಹದಲ್ಲಿ ‘ಣ’ವೂ ಇಲ್ಲ, ‘ಳ’ವೂ ಇಲ್ಲ, ಮಣ್ಣಿನ ಕೆರೆ ಹೀಗೆ ಮಣಿಪಾಲವಾಯಿತು. ಹತ್ತಿರದ ಕಾಪು ಇಂಗ್ಲಿಷಿನಲ್ಲಿ ಕೌಪ್ ಆಯಿತು.

ಸರ್ಕಾರಕ್ಕೂ ಈ ತೊಡಕು ತಪ್ಪಲಿಲ್ಲ. 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕವೆಂದು ಹೆಸರು ಪಡೆಯಿತು. ಆದರೆ ಬೆಳಗಾವಿ, ಕಲಬುರಗಿ, ಬಳ್ಳಾರಿ, ಮಂಗಳೂರು ಮೊದಲಾದ ಹನ್ನೆರಡು ಊರುಗಳ ಹೆಸರು ಕನ್ನಡದ ಉಚ್ಚಾರದಂತೆ ಇಂಗ್ಲಿಷಿನಲ್ಲಿಯೂ ಬರಬೇಕಾದರೆ 2014ರ ನವೆಂಬರ್ 1ನೇ ತಾರೀಖಿನವರೆಗೆ ಕಾಯಬೇಕಾಯಿತು. ಒಂದು ಊರಿನ ಕಾಗುಣಿತವನ್ನು ತಿದ್ದಲು ಇಷ್ಟು ಕಾಲ ಬೇಕಾದರೆ, ಬಡವನ ಮಗುವಿನ ಹೆಸರು ಒಮ್ಮೆ ಕೆಟ್ಟರೆ ಅದನ್ನು ತಿದ್ದಿಸಲು ಎಷ್ಟು ಕಚೇರಿಯ ಮೆಟ್ಟಿಲು ಹತ್ತಬೇಕು, ವಿಚಾರ ಮಾಡಿರಿ.

ಅದೇ ತುಳುನಾಡಿನಲ್ಲಿ ಇನ್ನೊಂದು ಪದ್ಧತಿಯಿತ್ತು. ದುಡಿಯುವ ಬಡವರ ಮನೆಯಲ್ಲಿ ಮಗು ಹುಟ್ಟಿದ ವಾರವೇ ಅದರ ಹೆಸರು. ಭಾನುವಾರಕ್ಕೆ ಐತ, ಸೋಮವಾರಕ್ಕೆ ಸೋಮ ಅಥವಾ ಚೋಮ, ಮಂಗಳವಾರಕ್ಕೆ ಅಂಗಾರ, ಗುರುವಾರಕ್ಕೆ ಗುರುವ, ಶುಕ್ರವಾರಕ್ಕೆ ತುಕ್ರ, ಶನಿವಾರಕ್ಕೆ ತನಿಯ. ಹುಡುಕಾಟವಿಲ್ಲ, ಆಯ್ಕೆಯಿಲ್ಲ. ಹೆಸರು ಕೇಳಿದೊಡನೆ ಕೇಳಿದವನು ಜಾತಿಯನ್ನು ಅಳೆದುಬಿಡುತ್ತಿದ್ದನು. ಕೋಟ ಶಿವರಾಮ ಕಾರಂತರು ‘ಚೋಮನ ದುಡಿ’ಯಲ್ಲಿ ಅಂಥ ಒಬ್ಬ ಚೋಮನ ಬಾಳನ್ನು ಬರೆದರು. ಬೇಸಾಯ ಮಾಡಬೇಕೆಂಬ ಅವನ ಆಸೆ ಕೊನೆಗೂ ಕೈಗೂಡಲಿಲ್ಲ. ಆದರೂ ಒಂದು ವಿಚಿತ್ರವನ್ನು ಗಮನಿಸಿರಿ. ಅದೇ ತುಳುನಾಡಿನಲ್ಲಿ ಕೊರಗ ತನಿಯನೆಂಬ ಹೆಸರಿಗೆ ಎಲ್ಲ ಜಾತಿಯವರೂ ಕೈಮುಗಿಯುತ್ತಾರೆ, ಕೊರಗಜ್ಜನೆಂದು ಹರಕೆ ಹೊರುತ್ತಾರೆ. ಶನಿವಾರದ ಹೆಸರು ಅಜ್ಜನ ಹೆಸರಾಯಿತು. ಹೆಸರು ವ್ಯಕ್ತಿಯನ್ನು ದೊಡ್ಡವನನ್ನಾಗಿ ಮಾಡಲಿಲ್ಲ. ವ್ಯಕ್ತಿಯಿಂದ ಹೆಸರು ದೊಡ್ಡದಾಯಿತು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆದದ್ದೂ ಇದೇ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಡೋಹರ ಕಕ್ಕಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ: ಈ ಹೆಸರುಗಳ ಮುಂದೆ ನಿಂತಿರುವುದು ಬಟ್ಟೆ ಒಗೆಯುವ, ದೋಣಿ ನಡೆಸುವ, ತೊಗಲು ಹದಮಾಡುವ, ಹಗ್ಗ ಹೊಸೆಯುವ, ಅಕ್ಕಿ ಆಯುವ ಕಾಯಕ. ಲೋಕವು ಯಾವ ಮಾತನ್ನು ಬೈಗುಳದಂತೆ ಆಡುತ್ತಿತ್ತೋ ಆ ಮಾತನ್ನು ಶರಣರು ಅಳಿಸಿಹಾಕಲಿಲ್ಲ, ಮರೆಮಾಡಲಿಲ್ಲ. ಅದರೊಡನೆ ಅಯ್ಯ ಎಂದರು, ಅಮ್ಮ ಎಂದರು, ಅಕ್ಕ ಎಂದರು. ಬೈಗುಳವು ಬಿರುದಾಯಿತು. ಮೋಳಿಗೆಯ ಮಾರಯ್ಯನವರ ಕಥೆ ಇನ್ನೂ ಹಿರಿದು. ಅವರು ಕಾಶ್ಮೀರದ ಅರಸರಾಗಿದ್ದರೆಂದೂ, ರಾಜ್ಯವನ್ನು ತೊರೆದು ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆ ಮಾರಿ ಬದುಕಿದರೆಂದೂ ಪರಂಪರೆ ಹೇಳುತ್ತದೆ. ಹಳೆಯ ರಾಜನಾಮವನ್ನು ಕಳಚಿಟ್ಟು, ಹೊತ್ತ ಸೌದೆಯ ಮೋಳಿಗೆಯನ್ನೇ ಹೆಸರಿಗೆ ಕಟ್ಟಿಕೊಂಡರು. ಬಸವ ಎಂಬ ಹೆಸರೂ ಅಷ್ಟೆ. ವೃಷಭವೆಂಬ ಸಂಸ್ಕೃತದ ಮಾತು ಒಕ್ಕಲಿಗನ ಬಾಯಲ್ಲಿ ಬಸವನಾಯಿತು. ನಾಡು ಒಪ್ಪಿಕೊಂಡದ್ದು ಬಾಯಿಗೆ ಒಗ್ಗಿದ ಆ ತದ್ಭವವನ್ನೇ.

ಹಾಗಾದರೆ ಅಪರೂಪದ ಹೆಸರು ತಪ್ಪೋ? ತಪ್ಪಲ್ಲ. ಬಿಡದಿಯ ಬಳಿಯ ಭದ್ರಾಪುರದಲ್ಲಿ ಹಕ್ಕಿಪಿಕ್ಕಿ ಜನರಿದ್ದಾರೆ. ಅಲೆಮಾರಿಗಳಾಗಿ ಹಕ್ಕಿ ಹಿಡಿದು ಬದುಕಿದ್ದ ಅವರು ತಮ್ಮ ಮಕ್ಕಳಿಗೆ ಹೈಕೋರ್ಟ್, ಕಾಫಿ, ಮೈಸೂರು ಪಾಕ್, ಗೂಗಲ್ ಎಂದು ಹೆಸರಿಟ್ಟದ್ದು ದೇಶವಿದೇಶದ ಪತ್ರಿಕೆಗಳಲ್ಲಿ ಬಂದಿತು. ಓದಿದವರು ನಕ್ಕರು. ಆದರೆ ಆ ಕೇರಿಯಲ್ಲಿ ಅದು ನಗೆಯ ಹೆಸರಲ್ಲ. ಮೆಚ್ಚಿದ್ದನ್ನು ಮಗುವಿಗೆ ಕೊಟ್ಟ ಹೆಸರು. ಅಕ್ಕಪಕ್ಕದವರು ಪ್ರೀತಿಯಿಂದಲೇ ಕೂಗುವ ಹೆಸರು. ಎಲ್ಲರ ಬಾಯಿಗೂ ಬರುವ ಹೆಸರು. ನಾವಾದರೋ ಸ್ವಂತ ಅಜ್ಜಿಗೇ ಉಚ್ಚರಿಸಲು ಬಾರದ ಹೆಸರನ್ನು ಮೊಮ್ಮಗುವಿಗೆ ಇಟ್ಟು, ಅದನ್ನು ನಾಗರಿಕತೆಯೆಂದು ಕರೆಯುತ್ತೇವೆ. ಅಜ್ಜಿ ಕೂಗಲಾರದ ಹೆಸರಿನ ಮಗು ಅಜ್ಜಿಯಿಂದ ಅರ್ಧ ದೂರವಾದಂತೆಯೇ ಅಲ್ಲವೇ?

ಈಗ ಕಾಗುಣಿತದ ಮಾತು. ಕನ್ನಡದಲ್ಲಿ ನುಡಿದಂತೆ ಬರೆಯುತ್ತೇವೆ, ಬರೆದಂತೆ ಓದುತ್ತೇವೆ. ಇಂಗ್ಲಿಷಿನಲ್ಲಿ ಕಲಾ, ಕಾಲ, ಕಳ, ಕಾಳ ನಾಲ್ಕಕ್ಕೂ ಒಂದೇ ಬರಹ. ದಕ್ಷಿಣದವರು ಲತಾ ಎಂಬುದಕ್ಕೆ ಟಿ ಮತ್ತು ಎಚ್ ಕೂಡಿಸುತ್ತಾರೆ. ಉತ್ತರದವರು ಬರಿಯ ಟಿ ಬರೆಯುತ್ತಾರೆ, ನಮ್ಮದನ್ನು ಲಥಾ ಎಂದು ಓದುತ್ತಾರೆ. ಬಸವರಾಜನೆಂಬ ಒಂದೇ ಹೆಸರಿಗೆ ಕಲಬುರಗಿ, ಬೀದರಗಳ ಕಡೆ ಡಬ್ಲ್ಯೂ, ಮೈಸೂರಿನ ಕಡೆ ವಿ. ಯಾವುದೂ ತಪ್ಪಲ್ಲ. ಆದರೆ ಒಬ್ಬನ ಕಾಗದಗಳಲ್ಲಿ ಎರಡೂ ಇದ್ದರೆ ಕಚೇರಿಯ ಕಣ್ಣಿಗೆ ಅವನು ಇಬ್ಬರಾಗುತ್ತಾನೆ. ಅದೃಷ್ಟಕ್ಕೆಂದು ಒಂದು ‘ಎ’ ಹೆಚ್ಚಿಗೆ ಸೇರಿಸಿ, ಹತ್ತು ವರ್ಷದ ಮೇಲೆ ಅದನ್ನು ತೆಗೆಯಲು ಪ್ರಮಾಣಪತ್ರ ಹಿಡಿದು ಅಲೆಯುವುದು ಯಾವ ಏಳಿಗೆ? ನಮ್ಮ ಹಿರಿಯರು ಹಾಸ್ಯಕ್ಕೆ ಹೇಳಿದ್ದಾರೆ: ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ.

ಕಾನೂನನ್ನೂ ತಿಳಿದಿರಬೇಕು. ಜನನ ಮರಣ ನೋಂದಣಿಯ ಕಾಯಿದೆ ಬಂದುದು 1969ರಲ್ಲಿ. ಹುಟ್ಟಿದ ಇಪ್ಪತ್ತೊಂದು ದಿನದೊಳಗೆ ಜನನವನ್ನು ಬರೆಸಬೇಕು. ಹೆಸರು ಇನ್ನೂ ಗೊತ್ತಾಗದಿದ್ದರೆ ಗಾಬರಿಯಿಲ್ಲ. ನೋಂದಣಿಯಾದ ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. 2023ರ ತಿದ್ದುಪಡಿಯು ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಅಂದಿನಿಂದ ಹುಟ್ಟಿದ ಮಕ್ಕಳಿಗೆ ಶಾಲೆ, ಮತದಾರರ ಪಟ್ಟಿ, ವಾಹನದ ಲೈಸೆನ್ಸು, ಸರ್ಕಾರಿ ನೌಕರಿ ಎಲ್ಲಕ್ಕೂ ಹುಟ್ಟಿದ ದಿನದ ಸಾಕ್ಷಿ ಜನನ ಪತ್ರವೇ. ಆದ್ದರಿಂದ ಅದರಲ್ಲಿ ಬೀಳುವ ಅಕ್ಷರವನ್ನು ಮೊದಲು ಕನ್ನಡದಲ್ಲಿ ಬರೆದು, ಬಾಯಿಬಿಟ್ಟು ಓದಿ, ಆಮೇಲೆ ಇಂಗ್ಲಿಷಿಗೆ ಹೋಗಿರಿ. ಎಲ್ಲ ಕಾಗದಕ್ಕೂ ಒಂದೇ ರೂಪವಿರಲಿ.

ಕೊನೆಯದಾಗಿ ಒಂದು ಮಾತು. 2024ರಲ್ಲಿ ಹುಣಸೂರಿನ ನ್ಯಾಯಾಲಯದ ಮುಂದೆ ಒಂದು ದಂಪತಿಯ ವ್ಯಾಜ್ಯ ಬಂದಿತ್ತು. ಮಗುವಿಗೆ ಯಾವ ಹೆಸರೆಂಬ ಜಗಳವೇ ಬೆಳೆದು ಸಂಸಾರ ಒಡೆಯುವ ಹಂತ ಮುಟ್ಟಿತ್ತು. ಲೋಕ ಅದಾಲತ್ತಿನಲ್ಲಿ ನ್ಯಾಯಾಧೀಶರೇ ಒಂದು ಹೆಸರನ್ನು ಸೂಚಿಸಿ, ಹಾರ ಬದಲಿಸಿಸಿ, ಅವರನ್ನು ಕೂಡಿಸಿ ಕಳಿಸಿದರು. ಹೆಸರು ಕೂಡಿಸಬೇಕಾದುದು, ಒಡೆಯಬೇಕಾದುದಲ್ಲ. ಆ ಮಗುವಿಗೆ ಹೆಸರಿಗಿಂತ ಮೊದಲು ಬೇಕಾಗಿದ್ದುದು ತಾಯಿತಂದೆಗಳಿಬ್ಬರೂ ಕೂಡಿ ಕೂಗುವ ದನಿ.

ಹಳೆಯ ಹೆಸರಿರಲಿ, ಹೊಸ ಹೆಸರಿರಲಿ. ಬೀದಿಯಲ್ಲಿ ಕೂಗಿದರೆ ಮಗು ತಲೆತಗ್ಗಿಸದಂತಿರಲಿ, ಮುಪ್ಪಿನಲ್ಲಿ ಕೂಗಿದರೂ ಒಪ್ಪುವಂತಿರಲಿ. ಮಿಕ್ಕ ಹಿರಿಮೆಯನ್ನು ಆ ಮಗುವಿನ ಕಾಯಕವೇ ತುಂಬಲಿ.